ಬೆನಕನಿಗೆ ಕೊಂಬು ಬಂದದ್ದು

ವ್ಯಾಪಾರ ಅಂದರೆ ಚಲುವಯ್ಯ, ಚಲುವಯ್ಯ ಅಂದರೆ ವ್ಯಾಪಾರ! ಎಚ್.ಡಿ. ಕೋಟೆಯಲ್ಲಿ ಹೀಗೆಂದು ಬೇರೆ ಯಾರೂ ಹೇಳುತ್ತಿರಲಿಲ್ಲ, ಚಲುವಯ್ಯನೇ ಹೇಳಿಕೊಳ್ಳುತ್ತಿದ್ದ. ಆ ಬೇಸಿಗೆಯಲ್ಲಿ ತನ್ನ ರಾಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅವನೊಂದು ಘನಘೋರ ಪ್ರತಿಜ್ಞೆ ಮಾಡಿದ: "ಮಳೆ ಬೀಳೋದ್ರೊಳಗೆ ಬೀಚನಹಳ್ಳಿ ರಸ್ತೇಲಿ ನನ್ನ ಹಿಟ್ಟಿನ ಮಿಲ್ ತಿರುಗದೇ ಓದ್ರೆ ನಾನು ತಕ್ಕಡೀನೇ ಮುಟ್ಟಾಕಿಲ್ಲ ಕಣ್ರಪ್ಪಾ!"

ಪ್ರತಿಜ್ಞೆಗೆ ಇದ್ದದ್ದು ಒಂದೇ ಕೊರತೆ. ಆ ಜಾಗ ಅವನದಲ್ಲ, ಅತ್ತೆ ಮರಮ್ಮನದು. ಮರಮ್ಮನೋ, ಹಲ್ಲಿ ಲೊಚಗುಟ್ಟಿದರೆ ಎತ್ತಿದ ಕಾಲು ಕೆಳಗಿಡದ ಹೆಂಗಸು.

"ಮೊದ್ಲು ಜಾಗ್ದಲ್ಲಿ ಬೆನಕನ್ನ ಮಡಗಿ ಪೂಜೆ ಮಾಡಾನ ಅಳಿಮಯ್ಯ. ಸುಸೂತ್ರ ಆಯ್ತೋ, ಜಾಗ ನಿಮ್ದು. ಅಪಶಕುನ ಆಯ್ತೋ, ನಾನಲ್ಲಿ ಉಳ್ಳಿ ಕಾಳು ಚೆಲ್ತೀನಿ!"

ಬೆನಕ ಅಂದರೆ ಹಸುವಿನ ಸಗಣಿಯ ಉಂಡೆ, ಅದರ ನೆತ್ತಿಗೊಂದು ಗರಿಕೆ. ಇಷ್ಟು ಅಗ್ಗದ ದೇವರು ಮೂರು ಲೋಕದಲ್ಲೂ ಇಲ್ಲ. ಇದರಲ್ಲೂ ಉಳಿತಾಯ ಮಾಡಲು ಹೊರಟಿದ್ದೇ ಚಲುವಯ್ಯನ ಸಾಹಸ!

ಪೂಜೆಯ ದಿನ ಬೆಳಿಗ್ಗೆ ಹೆಂಡತಿ ಸುನಂದಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಪಕ್ಕದ್ಮನೆ ಚಿಕ್ಕಣ್ಣನ ಕೊಟ್ಟಿಗೆಯಿಂದ ಒಂದು ಹಿಡಿ ಸಗಣಿ ತನ್ನಿ ಅಂತ ಎಷ್ಟು ಸಲ ಬಡ್ಕೊಳ್ಳೋದು? ಪೇಪರ್ ಓದಿ ದೇಶ ಉದ್ಧಾರ ಮಾಡಿದ್ದು ಸಾಕು!"

ಚಿಕ್ಕಣ್ಣನ ಕೊಟ್ಟಿಗೆಗೆ ಹೋದರೆ ಸಿಗುವುದು ಸಗಣಿ ಒಂದು ಹಿಡಿ, ಮಾತು ಒಂದು ಗಾಡಿ. ಆಗ ಚಲುವಯ್ಯನಿಗೆ ಹೊಳೆಯಿತು: ಮಹಡಿಯ ಮೇಲೇ ಸರಕಿದೆಯಲ್ಲ! ಮನೆಯಲ್ಲಿ ಸ್ಟಾಕ್ ಇಟ್ಟುಕೊಂಡು ಹೊರಗೆ ಖರೀದಿ ಮಾಡುವವನು ಎಂಥ ವ್ಯಾಪಾರಿ?

ಮಹಡಿಯ ರೂಮಿಗೆ ಬಾಡಿಗೆಗೆ ಬಂದಿದ್ದವಳು ಕಾವ್ಯಶ್ರೀ. ಮೈಸೂರಿನ ಹುಡುಗಿ, ಕಾಡಂಚಿನ ಸಗಣಿಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. "ಅವುಗಳಲ್ಲಿ ಮೂರು ಪಂಗಡ ಅಂಕಲ್. ಸಗಣೀನ ಉರುಳಿಸ್ಕೊಂಡು ಓಡೋವು, ಅದರ ಕೆಳಗೇ ಬಿಲ ತೋಡಿ ಒಳಗಿಳಿಸೋವು, ಸಗಣಿಯೊಳಗೇ ಸಂಸಾರ ಹೂಡೋವು" ಎಂದು ಅವಳು ವಿವರಿಸಿದ ದಿನವೇ ಚಲುವಯ್ಯ ತನ್ನ ಗಿರಾಕಿಗಳನ್ನೂ ಹೆಂಡತಿಯ ಕಡೆಯ ನೆಂಟರನ್ನೂ ಮೂರು ರಾಶಿ ಹಾಕಿ ಮುಗಿಸಿದ್ದ. ತನ್ನನ್ನು ಮಾತ್ರ ಯಾವ ರಾಶಿಗೂ ಸೇರಿಸಿಕೊಂಡಿರಲಿಲ್ಲ. ತಕ್ಕಡಿ ಹಿಡಿದವನು ತನ್ನನ್ನು ತಾನು ತೂಗಿಕೊಳ್ಳುವುದುಂಟೆ!

ತಾರಸಿಯ ನೆರಳಲ್ಲಿ ಅವಳ ಬಕೆಟ್ಟುಗಳಿದ್ದವು. "ಇವನ್ನ ಮುಟ್ಟಬೇಡಿ ಅಂಕಲ್. ನೀರಂತೂ ತಾಗಿಸಲೇಬೇಡಿ" ಎಂದು ಹೇಳಿಯೇ ಅವಳು ಹಿಂದಿನ ದಿನ ಬೇಗೂರಿನ ಕಡೆ ಹೋಗಿದ್ದಳು. ಚಲುವಯ್ಯ ಒಂದು ಬಕೆಟ್ಟಿನ ಒಣಮಣ್ಣಿಗೆ ಕೈ ಹಾಕಿದ. ಬೇಲದ ಹಣ್ಣಿನ ಗಾತ್ರದ ಉಂಡೆ ಸಿಕ್ಕಿತು! ಮೇಲೆ ಮಣ್ಣಿನ ಮೆತ್ತೆ, ಎಳ್ಳಷ್ಟೂ ವಾಸನೆಯಿಲ್ಲ, ಅಚ್ಚಿನಲ್ಲಿ ತೆಗೆದಷ್ಟು ದುಂಡಗೆ. ಯಾವ ಪುಣ್ಯಾತ್ಮ ಹುಳ ಕಟ್ಟಿತ್ತೋ, ಕೂಲಿಯೂ ಉಳಿಯಿತು! ಗರಿಕೆ ಚುಚ್ಚಲು ಹೋದರೆ ಇಳಿಯಲಿಲ್ಲ. ಮೂಟೆ ಹೊಲಿಯುವ ದಬ್ಬಳದಿಂದ ಮೇಲೊಂದು ತೂತು ಮಾಡಿ ಸಿಕ್ಕಿಸಿದ.

ಬೀಚನಹಳ್ಳಿ ರಸ್ತೆಯ ಜಾಗದಲ್ಲಿ ಬಾಳೆಲೆಯ ಮೇಲೆ ಬೆನಕ ವಿರಾಜಮಾನನಾದ. ಮರಮ್ಮ ಬೆರಳಲ್ಲಿ ಕುಟ್ಟಿ ನೋಡಿದಳು.

"ಇದ್ಯಾಕ್ ಅಳಿಮಯ್ಯ, ಬೆನಕ ಕಲ್ಲಾದಂಗವ್ನೆ?"

"ಗಟ್ಟಿ ಸರಕು ಅತ್ತೆ, ಬಾಳಿಕೆ ಬತ್ತದೆ!"

"ಅಯ್ಯೋ, ಬಾಯಾರವ್ನೆ ಸ್ವಾಮಿ!" ಎಂದು ಮರಮ್ಮ ತುಂಬಿದ ಚೊಂಬು ನೀರನ್ನು ನೆತ್ತಿಯ ಮೇಲೆ ಸುರಿದಳು. ಸಾಲದು ಎಂದು ಇನ್ನೊಂದು ಚೊಂಬು. ಚಲುವಯ್ಯನಿಗೆ 'ನೀರಂತೂ ತಾಗಿಸಲೇಬೇಡಿ' ಎಂಬ ಮಾತು ನೆನಪಾಯಿತು. ಬುಡು, ನೀರು ಬಿದ್ದರೆ ಹೆಚ್ಚೆಂದರೆ ಕರಗೀತು!

ಕರಗಲಿಲ್ಲ. ಮಂಗಳಾರತಿಯ ಹೊತ್ತಿಗೆ ಬೆನಕ ಅಲುಗಾಡಿದ. ಒಳಗಿಂದ ಕರಕರ ಸದ್ದು ಬಂತು. ಹೊಟ್ಟೆ ಬಿರಿಯಿತು. ಹೆಬ್ಬೆರಳುದ್ದದ ಒಂದು ಕಪ್ಪು ಆಕಾರ, ತಲೆಯ ಮೇಲೊಂದು ಕೊಂಬು, ಕೊಂಬಿಗೆ ಸಿಕ್ಕಿಕೊಂಡ ಗರಿಕೆ, ಗಂಭೀರವಾಗಿ ಬಾಳೆಲೆಯ ಮೇಲೆ ನಡೆದು ಬಂತು!

ಗಂಟೆ ಅಲ್ಲಾಡಿಸುತ್ತಿದ್ದ ಸುನಂದಮ್ಮನ ಕೈ ನಿಂತಿತು. ಮರಮ್ಮ ಅಲ್ಲೇ ಅಡ್ಡಬಿದ್ದಳು. "ಒಂಟಿ ಕೊಂಬಿನ ಸ್ವಾಮೀ! ನೀನೇ ಎದ್ದು ಬಂದ್ಯಪ್ಪಾ!"

ಚಲುವಯ್ಯ ಒಳಗೊಳಗೇ ಕುಣಿದ. ಅಪಶಕುನವಲ್ಲ, ಪವಾಡ! ಜಾಗ ಗಿಟ್ಟಿತು! ಅಷ್ಟರಲ್ಲಿ ಮರಮ್ಮ ಕಣ್ಣೊರೆಸಿಕೊಂಡು ಎದ್ದಳು.

"ಅಳಿಮಯ್ಯ, ದೇವ್ರು ಎದ್ದ ಜಾಗ ಇದು. ಇಲ್ಲಿ ಮಿಲ್ಲೂ ಬ್ಯಾಡ, ಗಿಲ್ಲೂ ಬ್ಯಾಡ. ಗುಡಿ ಕಟ್ಟಾನ!"

ಕುಣಿತ ನಿಂತಿತು. ಸುಮ್ಮನಿದ್ದರೆ ಜಾಗ ಗುಡಿಗೆ, ಬಾಯಿಬಿಟ್ಟರೆ ಮಾನ ಬೀದಿಗೆ! ವ್ಯಾಪಾರಿ ಲೆಕ್ಕ ಹಾಕಿದ: ಮಾನ ಮತ್ತೆ ಸಂಪಾದಿಸಬಹುದು, ರಸ್ತೆ ಬದಿ ಜಾಗ ಸಿಕ್ಕೋದಿಲ್ಲ.

"ಅತ್ತೆ, ಅದು ದೇವ್ರಲ್ಲ... ಹುಳ. ಕಾವ್ಯನ ಬಕೆಟ್ಟಿಂದು."

"ಜಾಗ ಓಯ್ತದೆ ಅಂತ ದೇವ್ರನ್ನೇ ಉಳ ಅಂತೀರಾ? ನಾಲ್ಗೆ ಬಿದ್ದೋದಾತು!"

ಆ ಹೊತ್ತಿಗೆ ಸರಿಯಾಗಿ ಬೇಗೂರಿನ ಕಡೆಯ ಬಸ್ಸೊಂದು ನಿಂತು, ಇವರನ್ನು ಕಂಡು ಕಾವ್ಯಶ್ರೀ ಇಳಿದಳು. ಬಾಳೆಲೆ ನೋಡಿದ್ದೇ ಕಿರುಚಿದಳು: "ಅಂಕಲ್! ನನ್ನ ಹುಳಕ್ಕೆ ನೀರು ಹಾಕಿದ್ಯಾರು?"

ಮರಮ್ಮನ ಮುಖ ಬಾಡಿತು. "ಅಂಗಾರೆ ಇದು ಉಳವೇ ಏನವ್ವಾ?"

"ಹೂಂ ಅಜ್ಜಿ. ಮೊದಲ ಮಳೆಗೆ ಉಂಡೆ ಮೆತ್ತಗಾದಾಗ ಒಳಗಿರೋದು ಒಡ್ಕೊಂಡು ಬರತ್ತೆ. ನಿಮ್ಮ ಚೊಂಬನ್ನೇ ಮಳೆ ಅಂದ್ಕೊಂಡಿದೆ ಪಾಪ."

"ಓಗ್ಲಿ, ಅಸುವಿನ ಸಗಣೀನೇ ತಾನೆ?"

"ಇಲ್ಲ ಅಜ್ಜಿ, ಆನೆ ಲದ್ದಿ."

ಚಲುವಯ್ಯ ಕಣ್ಣು ಮುಚ್ಚಿಕೊಂಡ. ಅವನ ಕಿವಿಯಲ್ಲಿ ಆಗಲೇ ಹುರುಳಿ ಮೊಳಕೆಯೊಡೆಯುವ ಸದ್ದು! ಮರಮ್ಮ ಬಗ್ಗಿ, ಬಿರಿದ ಉಂಡೆಯ ಚೂರೊಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಗಣಪನಿಗೆ ಆನೇದು ಅಂದ್ರೆ ಮನೇದೇ ಆಯ್ತು, ಬುಡು. ಈ ಉಂಡೆ ಕಟ್ಟೋರ್ಯಾರವ್ವ?"

"ತಾಯಿ ಹುಳ. ಬಿಲದೊಳಗೆ ಉಂಡೆ ಕಟ್ಟಿ, ಮೊಟ್ಟೆಯಿಟ್ಟು, ಮಣ್ಣು ಮೆತ್ತಿ, ಕಾವಲು ಕೂರತ್ತೆ."

"ಗಂಡು?"

"ಲದ್ದಿ ಎಳ್ಕೊಂಡು ಬಿಲದ ಬಾಗಿಲವರೆಗೂ ತಂದುಕೊಡತ್ತೆ ಅಜ್ಜಿ. ಅಷ್ಟೇ."

ಮರಮ್ಮ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ತೂಗಿ ನೋಡಿದಳು. "ಸರಿ. ಮಿಲ್ ಆಗ್ಲಿ. ಜಾಗ ಸುನಂದನ ಎಸ್ರಿಗೆ. ತಕ್ಕಡೀನೂ ಅವ್ಳ ಕೈಗೇ!"

ಮಳೆ ಬೀಳುವ ಮೊದಲೇ ಮಿಲ್ ತಿರುಗಿತು, ಪ್ರತಿಜ್ಞೆಯೇನೋ ಉಳಿಯಿತು. ತಕ್ಕಡಿ ಮಾತ್ರ ಉಳಿಯಲಿಲ್ಲ. ಒಂದು ದಿನ ರಾಗಿ ಬೀಸಿಸಲು ಬಂದ ಕಾವ್ಯಶ್ರೀ, ಮೂಟೆ ಹೊತ್ತು ಬಾಗಿಕೊಂಡು ಬರುತ್ತಿದ್ದವನನ್ನು ಕಂಡು ನಕ್ಕಳು.

"ಅಂಕಲ್, ಎಲ್ಲರನ್ನೂ ವಿಂಗಡಿಸ್ತಿದ್ರಲ್ಲ, ನೀವು ಯಾವ ಪಂಗಡ?"

ಚಲುವಯ್ಯ ಉಸಿರು ಹಿಡಿದು ಬಾಯಿ ತೆರೆಯುವಷ್ಟರಲ್ಲಿ, ತಕ್ಕಡಿಯಿಂದ ಕಣ್ಣು ತೆಗೆಯದೆ ಸುನಂದಮ್ಮ ಹೇಳಿದಳು:

"ಬಾಗಿಲವರೆಗೂ ತರೋ ಪಂಗಡ ಕಣಮ್ಮ. ರೀ, ಅಲ್ಲೇ ಇಳಿಸಿ, ಒಳಕ್ಕೆ ಬರಬೇಡಿ! ನಿಮ್ಮ ಕೈಯಲ್ಲಿ ಇನ್ನೂ ದಬ್ಬಳ ಇದೆ, ಇನ್ಯಾವ ಬೆನಕನ ನೆತ್ತಿ ಚುಚ್ತೀರೋ!"