ಒಂಬತ್ತು ಸೆಕೆಂಡಿನ ಹುಲಿ

"ಹನ್ನೊಂದಕ್ಕೆ ಗಿರಾಕಿ ಬಪ್ಪುದ್ರೊಳ್ಗೆ ಬೈಂದೂರಿಗೆ ಹೋಯಿ ಬತ್ತೆ. ಬಂದ್ರೆ ಕಾರ್ ನಂದ್. ಬರ್ದಿದ್ರೆ ಮಾರ್!" ಎಂದು ಉಪ್ಪುಂದದ ಸರಸ ಮೈದುನ ಅಶೋಕನಿಗೆ ಸವಾಲು ಹಾಕಿದಳು.

"ಅತ್ಗೆ, ನೀವ್ ಕಲ್ತದ್ದ್ ಡ್ರೈವಿಂಗ್ ಸ್ಕೂಲಿನ ಡಬ್ಬಿ ಕಾರಂಗೆ. ಇದ್ ಹುಲಿ!"

"ಹುಲಿ ಜೊತಿಗೆ ಇಪ್ಪತ್ತ್ ವರ್ಷ ಸಂಸಾರ ಮಾಡಿದ್ದೆ. ಕೀ ಕೊಡ್."

ಆ ಹುಲಿ, ಗಂಡ ರತ್ನಾಕರ, ತೀರಿಕೊಂಡು ಎಂಟು ತಿಂಗಳು. ಟೆಂಪೋದಲ್ಲಿ ಮನೆಮನೆಗೆ ಮೀನು ಮಾರುತ್ತಿದ್ದವನು ಕಡೆಗೆ ಅದನ್ನು ಕೊಟ್ಟು ಈ ಕೆಂಪು ಸೆಡಾನ್ ತಂದಿದ್ದ. ತಂದವನು ಸುಮ್ಮನಿದ್ದನೇ? ಅಗಲದ ಟಯರ್ ಹಾಕಿಸಿದ. ಸ್ಪ್ರಿಂಗ್ ತಗ್ಗಿಸಿದ. ಹಿಂದೆ ರೆಕ್ಕೆ ಕೂರಿಸಿದ. "ಸೊನ್ನೆಯಿಂದ ನೂರಕ್ಕೆ ಒಂಬತ್ತೇ ಸೆಕೆಂಡ್!" ಊಟಕ್ಕೆ ಕೂತರೂ ಅದೇ ಮಾತು. ಮೀನಿನ ಚೀಲ ಹಿಡಿದವರನ್ನು ಹತ್ತಿಸುತ್ತಿರಲಿಲ್ಲ, ಹೆಂಡತಿಯನ್ನೂ! ಕೊನೆಯ ವಾರ ಬಾನೆಟ್ ತೆಗೆದು ಏನೋ ತಂತಿ ಜೋಡಿಸುತ್ತಿದ್ದ. ಏನೆಂದು ಸರಸ ಕೇಳಲಿಲ್ಲ. ಕೇಳಬಹುದಿತ್ತು.

ಹತ್ತೂವರೆಗೆ ಸ್ಪೋರ್ಟ್ ಗುಂಡಿ ಒತ್ತಿದಳು. ಕಾರು ಗುಡುಗಿತು. ಮೂತಿ ಗೇಟು ದಾಟಿದ್ದೇ ಓಣಿಗೆ ಅಡ್ಡಲಾಗಿ ದನ. ಹಾರ್ನ್ ಒತ್ತಿದಳು.

ಪೊಂಪೊಂ ಪೋಂಯ್!

ಮೀನಿನ ಟೆಂಪೋದ ಹಾರ್ನ್! ಟೆಂಪೋ ಮಾರಿದರೂ ಹಾರ್ನ್ ಬಿಚ್ಚಿಟ್ಟುಕೊಂಡಿದ್ದ ಪುಣ್ಯಾತ್ಮ!

ದನ ಕದಲಲಿಲ್ಲ. ಓಣಿಯೇ ಕದಲಿತು! ಪಾತ್ರೆ ಹಿಡಿದು ಪಕ್ಕದ ಮನೆಯ ಸುಗುಣ ಓಡಿಬಂದಳು. ಅವಳ ಹಿಂದೆ ನಾಲ್ಕು ಬೆಕ್ಕು.

"ಹ್ವಾಯ್, ಬಂಗುಡೆ ಇತ್ತಾ?"

"ಇಲ್ಲೆ! ಇದ್ ಕಾರ್!"

"ಹಾಂಗಾರೆ ಆ ಹಾರ್ನ್ ಎಂತಕ್ಕೆ ಹಾಕ್ದೆ ಮರಾಯ್ತಿ?" ಕಿಟಕಿಗೆ ಬಗ್ಗಿದ ಸುಗುಣ ದನಿ ತಗ್ಗಿಸಿದಳು. "ರತ್ನಾಕರಣ್ಣನೇ ಬಂದ್ರ್ ಅಂದ್ಕಂಡೆ."

ಸರಸ ಸೆರಗಿನಿಂದ ಕಣ್ಣೊರೆಸಲು ಬಗ್ಗಿದಳು. ಹಣೆ ಸ್ಟೇರಿಂಗಿಗೆ ತಾಗಿತು. ಪೊಂಪೊಂ ಪೋಂಯ್! ಇನ್ನೂ ಆರು ಮನೆಯವರು ಬಂದರು!

ಹನ್ನೊಂದಕ್ಕೆ ಸರಿಯಾಗಿ ಬ್ರಹ್ಮಾವರದ ಗಿರಾಕಿ ವಿಶಾಲ್ ಬಂದ. ಕಾರಿನ ಸುತ್ತ ಪಾತ್ರೆ, ಬಾನೆಟ್ ಮೇಲೆ ಬೆಕ್ಕು. ಮೀನಿನ ಮುಖವನ್ನೇ ಕಾಣದ ಕಾರಿನೆದುರು ಅವನು ಮೂಗು ಮುಚ್ಚಿಕೊಂಡ!

"ಮೀನಿನ್ ಕಾರಾ? ನಂಗ್ ಬ್ಯಾಡ!" ಎಂದು ಬಂದ ದಾರಿಯಲ್ಲೇ ಹೋದ.

"ಕಂಡ್ಯಾ ಅಶೋಕ? ಕಾರ್ ಉಳಿಸ್ಕಂಡೆ!" ಸರಸ ಬೀಗಿದಳು.

"ಕಂಡೆ ಅತ್ಗೆ. ಅರ್ಧ ಗಂಟೆಯಂಗೆ ಎಷ್ಟ್ ದೂರ ಹೋದ್ರಿ?"

ಸರಸ ತಿರುಗಿ ನೋಡಿದಳು. ಕಾರಿನ ರೆಕ್ಕೆ ಇನ್ನೂ ಮನೆಯ ಗೇಟಿನಲ್ಲೇ ಇತ್ತು. ಮುಂದೆ ನೋಡಿದಳು.

ದನ ಆಗಲೇ ಹೆದ್ದಾರಿ ಮುಟ್ಟಿತ್ತು.