ಚೆನ್ನಾಗಿ ಪದ್ಯ ಹೇಳಿದ ಬಾಲಕಿಯ ಓದಿನ ನೆರವನ್ನು ಹಿಂಪಡೆಯುವ ಕುರಿತು

ಕೌಂಟಿ ಶಿಕ್ಷಣ ಕಚೇರಿ, ಹೆಚ್ಚುವರಿ ಕಲಿಕಾ ಅಗತ್ಯಗಳ ವಿಭಾಗ, ಪಶ್ಚಿಮ ವೇಲ್ಸ್
ಸಂಖ್ಯೆ: ಹೆಕಅ/ನೆರವು/ಪದ್ಯ/17
ದಿನಾಂಕ: ಮಾರ್ಚ್ 4

ವಿಷಯ: ನಾಲ್ಕನೇ ತರಗತಿಯ ಕುಮಾರಿ ಟೆಗ್ವೆನ್ ಪ್ರಾಸರ್ ತಡವರಿಸದೇ ಇರುವ ಬಗ್ಗೆ.

ಉಲ್ಲೇಖ: ವೇಲ್ಸ್‌ನ ನಾಡಹಬ್ಬವಾದ ಸಂತ ಡೇವಿಡ್ ದಿನದ (ಮಾರ್ಚ್ 1) ಶಾಲಾ ಪದ್ಯಸ್ಪರ್ಧೆ.

ಹೆಚ್ಚುವರಿ ಕಲಿಕಾ ಅಗತ್ಯಗಳ ಕಾಯ್ದೆಯನ್ವಯ, ಡಿಸ್ಲೆಕ್ಸಿಯಾ (ಅಕ್ಷರ ಗುರುತಿಸಿ ಓದಲು ಬರೆಯಲು ಕಷ್ಟವಾಗುವ ತೊಂದರೆ) ಇರುವ ಮಕ್ಕಳಿಗೆ ಪಾಠ ಓದಿ ಹೇಳುವ ಸಹಾಯಕಿಯನ್ನು ಒದಗಿಸಬೇಕಾಗಿರುತ್ತದೆ. ಎರಡು ವರ್ಷಗಳ ಪತ್ರವ್ಯವಹಾರದ ತರುವಾಯ ಸದರಿ ಬಾಲಕಿಗೆ ಶ್ರೀಮತಿ ಗ್ಲೆನಿಸ್ ಟ್ಯೂಡರ್ ಅವರನ್ನು ಒದಗಿಸಲಾಗಿತ್ತು. ಆದರೆ ಬಾಲಕಿಯು ಮೇಲ್ಕಂಡ ಸ್ಪರ್ಧೆಯಲ್ಲಿ ನಲವತ್ತು ಸಾಲಿನ ಪದ್ಯವನ್ನು ಒಂದೂ ತಪ್ಪಿಲ್ಲದೆ ಹೇಳಿ ಮೊದಲ ಬಹುಮಾನ ಪಡೆದಿರುತ್ತಾಳೆ. ತೀರ್ಪುಗಾರರಾಗಿದ್ದ ಈ ಕಚೇರಿಯ ಅಧೀಕ್ಷಕರ ಕಣ್ಣಲ್ಲಿ ನೀರು ಬಂದಿದ್ದು, ಸದರಿ ನೀರನ್ನು ಆಕೆಗೆ ಓದಲು ಬರುತ್ತದೆಂಬುದಕ್ಕೆ ಪುರಾವೆಯೆಂದು ಪರಿಗಣಿಸಲಾಗಿದೆ.

ವಿಚಾರಣೆಯಲ್ಲಿ ಬಾಲಕಿಯು, "ಅಜ್ಜಿ ಹಾಲು ಕರೆಯೋವಾಗ ಹೇಳ್ಕೊಟ್ರು ಸಾರ್. ಕೇಳಿದ್ರೆ ಬರತ್ತೆ. ಹಾಳೆ ನೋಡಿದ್ರೆ ಅಕ್ಷರ ಒಂದ್ ಕಡೆ ನಿಲ್ಲಲ್ಲ" ಎಂದು ಹೇಳಿಕೆ ನೀಡಿರುತ್ತಾಳೆ. ಅಜ್ಜಿ ಶ್ರೀಮತಿ ಮೆರೆರಿಡ್ ಪ್ರಾಸರ್ ಅವರು, "ನಿಮ್ ಕಚೇರೀಲಿ ಕಿವಿ ಇರೋರು ಯಾರೂ ಇಲ್ವೇನಪ್ಪಾ?" ಎಂದು ಕೇಳಿರುತ್ತಾರೆ. ಪರಿಶೀಲಿಸಲಾಗಿ, ಅಂತಹ ಹುದ್ದೆ ಮಂಜೂರಾಗಿರುವುದಿಲ್ಲ.

ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ನೆರವು ಪಡೆಯುವ ಮಕ್ಕಳು ಪದ್ಯ ಹೇಳುವಾಗ ಪ್ರತಿ ನುಡಿಗೆ ಕನಿಷ್ಠ ಎರಡು ಬಾರಿ ತಡವರಿಸತಕ್ಕದ್ದು.

2. ತಡವರಿಕೆಯು ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಮನಾಗಿರಬೇಕು. ಒಂದೇ ಭಾಷೆಯಲ್ಲಿ ತಡವರಿಸುವವರಿಗೆ ಅರ್ಧ ಸಹಾಯಕಿಯನ್ನು ಮಾತ್ರ ನೀಡಲಾಗುವುದು. ಯಾವ ಅರ್ಧ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.

3. ಕಾಯ್ದೆಯಲ್ಲಿ ಅಜ್ಜಿಯಂದಿರನ್ನು ಕಲಿಕಾ ಸಾಧನವೆಂದು ನಮೂದಿಸಿಲ್ಲವಾದ್ದರಿಂದ, ಅವರ ಬಾಯಿಂದ ಕಲಿತದ್ದನ್ನು ಮಾರ್ಚ್ ಅಂತ್ಯದೊಳಗೆ ಮರೆಯತಕ್ಕದ್ದು. ಮರೆತ ಬಗ್ಗೆ ಮುಖ್ಯೋಪಾಧ್ಯಾಯರು ಬಾಲಕಿಯಿಂದ ಇಡೀ ಪದ್ಯ ಹೇಳಿಸಿ ದೃಢೀಕರಿಸುವುದು.

4. ಈ ಆದೇಶದಿಂದ ಬಾಧಿತಳಾದಲ್ಲಿ, ಬಾಲಕಿಯು ಇದನ್ನು ತಾನೇ ಓದಿ, ತನಗೆ ಓದಲು ಬರೆಯಲು ಕಷ್ಟವೆಂದು ಸ್ವಹಸ್ತದಲ್ಲಿ ಎರಡು ಪುಟ ಬರೆದು ಮೇಲ್ಮನವಿ ಸಲ್ಲಿಸಬಹುದು. ತಪ್ಪುಗಳಿದ್ದಲ್ಲಿ ಮನವಿಯನ್ನು ತಿರಸ್ಕರಿಸಲಾಗುವುದು. ತಪ್ಪುಗಳಿಲ್ಲದಿದ್ದಲ್ಲಿ ನೆರವು ಅನಗತ್ಯವೆಂದು ತೀರ್ಮಾನಿಸಲಾಗುವುದು.

ಸಹಿ/-
ಇದ್ವಾಲ್ ಪ್ರೋಬರ್ಟ್
ಅಧೀಕ್ಷಕರು

ಪ್ರತಿಗಳು:

1. ಶ್ರೀಮತಿ ಗ್ಲೆನಿಸ್ ಟ್ಯೂಡರ್ ಅವರಿಗೆ, ಸೋಮವಾರದಿಂದ ಬರುವ ಅಗತ್ಯವಿಲ್ಲ.

2. ಶ್ರೀಮತಿ ಮೆರೆರಿಡ್ ಪ್ರಾಸರ್ ಅವರಿಗೆ, ಮೊಮ್ಮಗಳಿಗೆ ಇದನ್ನು ಓದಿ ಹೇಳಬಾರದೆಂಬ ಸೂಚನೆಯೊಂದಿಗೆ.

3. ಕುಮಾರಿ ಟೆಗ್ವೆನ್ ಪ್ರಾಸರ್‌ಗೆ, ಸಣ್ಣಕ್ಷರದಲ್ಲಿ. ಏಳು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಓದಿ ಒಪ್ಪಿರುತ್ತಾಳೆಂದು ಭಾವಿಸಲಾಗುವುದು.