ಮಂಕಿ ಕ್ಯಾಪಿನೊಳಗಿನ ಬೇಟೆಗಾರ

ನಮ್ಮ ಡಾಕ್ಟ್ರ ಜೊತೆ ಮೀನು ಹಿಡಿಯಲು ಹೋದರೆ ಮೀನೊಂದು ಬಿಟ್ಟು ಬೇರೆಲ್ಲ ಸಿಗುತ್ತದೆ. ಅದರಲ್ಲಿ ನನ್ನ ಕೈವಾಡವಿದೆ ಎಂದು ನಮ್ಮೂರು ಶುಗರ್ ಲ್ಯಾಂಡಿನಲ್ಲಿ ಕೆಲವರು ಹೇಳುತ್ತಾರೆ. ಅರ್ಧ ಸುಳ್ಳು.

ಡಾಕ್ಟ್ರು ರಿಟೈರಾದ ಹೃದಯತಜ್ಞರು, ಅಪ್ಪಟ ಸಸ್ಯಾಹಾರಿ. ಗಾಳಕ್ಕೆ ಪ್ಲಾಸ್ಟಿಕ್ ಸೀಗಡಿ. ಸಿಕ್ಕ ಮೀನಿನ ಫೋಟೋ ತೆಗೆದು ನೀರಿಗೇ ಬಿಡುವುದು ನಿಯಮ. ಬಿಡಲಿಕ್ಕಾದರೂ ಒಂದು ಸಿಗಬೇಕಲ್ಲ? ಈ ಚಳಿಗಾಲ ಅವರ ಹೆಂಡತಿ, ಅಂದರೆ ನಮ್ಮ ಆಂಟಿ, ಕಡೇ ಮಾತು ಹೇಳಿದರು: "ಶಿವರಾತ್ರಿಯೊಳಗೆ ಒಂದು ಮೀನಿನ ಫೋಟೋ ತೋರಿಸಿ. ಇಲ್ಲಾಂದ್ರೆ ಪ್ರತಿ ಶನಿವಾರ ದೇವಸ್ಥಾನದ ಅಡುಗೆಮನೇಲಿ ತರಕಾರಿ ಹೆಚ್ಚೋಕೆ ಬನ್ನಿ."

ನೀರಿಗೆ ರಜಾ

ಉತ್ತರದ ಗಾಳಿ ಜೋರಾದರೆ ನಾವು ಮೀನಿಗೆ ಹೋಗುವ ಗ್ಯಾಲ್ವೆಸ್ಟನ್ ಕರಾವಳಿಯಲ್ಲಿ ಮೊಣಕಾಲುದ್ದದ ನೀರೆಲ್ಲ ಸಮುದ್ರಕ್ಕೆ ಸರಿದುಬಿಡುತ್ತದೆ. ಒಂದು ಶನಿವಾರ ಅಂಥದೇ ಗಾಳಿ ಎದ್ದಿತ್ತು. ನನಗೆ ಗೊತ್ತಿತ್ತು. ಹೇಳಲಿಲ್ಲ.

ಎದೆಮಟ್ಟದ ರಬ್ಬರ್ ಪ್ಯಾಂಟು, ಎರಡು ಸ್ವೆಟರು, ಮಂಕಿ ಕ್ಯಾಪು ಏರಿಸಿಕೊಂಡು ಡಾಕ್ಟ್ರು ಕಾರಿಳಿದರು. ಎದುರಿಗೆ ಕಣ್ಣು ಹಾಯುವಷ್ಟು ದೂರ ಬರೀ ಕೆಸರು.

"ನೀರೆಲ್ಲಿ?"

"ಮೆಕ್ಸಿಕೋ ಕಡೆ ಹೋಗಿದೆ. ಗಾಳಿ ನಿಂತ್ರೆ ಬರತ್ತೆ."

ಡಾಕ್ಟ್ರು ಮಡಚುವ ಕುರ್ಚಿ ಕೆಸರಿನಲ್ಲಿ ಹಾಕಿ, ಗಾಳದ ಕೋಲು ಹಿಡಿದು ಕೂತೇಬಿಟ್ಟರು.

"ತಮಾಷೆಗೆ ಹೇಳ್ದೆ, ಏಳಿ. ಎಷ್ಟೊತ್ತು ಕೂರ್ತೀರಿ?"

"ಜೀವಮಾನವಿಡೀ ಜನ ನನಗೋಸ್ಕರ ವೇಟಿಂಗ್ ರೂಮಲ್ಲಿ ಕೂತಿದ್ರಪ್ಪ. ಈಗ ನನ್ನ ಸರದಿ."

ಪ್ಯೂರ್ ವೆಜ್

ಇನ್ನೊಂದು ಶನಿವಾರ ನೀರಿತ್ತು. ಡಾಕ್ಟ್ರಿಗೆ ಮೂತ್ರಕ್ಕೆ ಹೋಗಬೇಕಾಯಿತು. ಆ ರಬ್ಬರ್ ಪ್ಯಾಂಟು ಬಿಚ್ಚಿ ಹಾಕಿಕೊಳ್ಳುವಷ್ಟರಲ್ಲಿ ಒಂದು ಮುಹೂರ್ತ ಮುಗಿಯುತ್ತದೆ. ಅಷ್ಟರಲ್ಲಿ ನಾನು ಬಿಗಿ ಮುಚ್ಚಳದ ನನ್ನ ಊಟದ ಸ್ಟೀಲ್ ಡಬ್ಬಿಯನ್ನು ಅವರ ಗಾಳಕ್ಕೆ ಸಿಕ್ಕಿಸಿ ನೀರಿಗೆ ಇಳಿಬಿಟ್ಟೆ.

ವಾಪಸ್ ಬಂದು ಎಳೆದರು. ಕೋಲು ಬಿಲ್ಲಾಯಿತು. ಒಂದು ಕೈಯಲ್ಲಿ ಹೆಂಡತಿಗೆ ಫೋನು: "ಸಿಕ್ತು ಕಣೇ, ಭಾರೀ ಇದೆ."

ಡಬ್ಬಿ ಮೇಲೆ ಬಂತು. ಡಾಕ್ಟ್ರು ಫೋನಿಟ್ಟರು. ದಡದಲ್ಲಿ ಕೂತು ಮುಚ್ಚಳ ತೆಗೆದು ಬಿಸಿಬೇಳೆಬಾತ್ ತಿನ್ನತೊಡಗಿದರು.

"ಡಾಕ್ಟ್ರೇ, ಅದು ನಂದು."

"ಹಿಡಿದೋನು ನಾನು. ಪ್ಯೂರ್ ವೆಜ್ ಸಿಕ್ರೆ ವಾಪಸ್ ಬಿಡೋ ನಿಯಮ ಇಲ್ಲ."

ಸಾಕ್ಷಿ

ಶಿವರಾತ್ರಿಗೆ ಮುಂಚಿನ ಕೊನೇ ಶನಿವಾರ. ಗಾಳಿಗೆ ಕಿವಿ ಉದುರುವಂತಿತ್ತು. ಡಾಕ್ಟ್ರ ಗಾಳ ನಿಜವಾಗಿಯೂ ಜಗ್ಗಿತು. ಅವರು ನನ್ನನ್ನೇ ದುರುಗುಟ್ಟಿದರು. ಎರಡೂ ಕೈ ಮೇಲೆತ್ತಿ ತೋರಿಸಿದೆ. ಮೇಲೆ ಬಂದದ್ದು ಮೊಳದುದ್ದದ ರೆಡ್‌ಫಿಶ್, ಬಾಲದ ಮೇಲೆ ದೃಷ್ಟಿಬೊಟ್ಟಿನಂಥ ಕಪ್ಪು ಚುಕ್ಕಿ. ಮರಗಟ್ಟಿದ ಬೆರಳಲ್ಲಿ ಹೇಗೋ ಒಂದು ಫೋಟೋ ಹೊಡೆದೆ. ಮೀನು ನೀರಿಗೆ ಹೋಯಿತು. ಕಪ್ಪು ಕನ್ನಡಕ ತೆಗೆದಾಗ ಡಾಕ್ಟ್ರ ಕಣ್ಣು ಒದ್ದೆಯಾಗಿತ್ತು, ಗಾಳಿಗೆ ಅಂದರು.

ಮನೆಯಲ್ಲಿ ಆಂಟಿ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಮೀನಿನ ಹಿಂದೆ ಬರೀ ಮಂಕಿ ಕ್ಯಾಪು, ಕಪ್ಪು ಕನ್ನಡಕ, ಮೂಗಿನವರೆಗೆ ಮಫ್ಲರು.

"ಮೀನಿನ ಮುಖ ಚೆನ್ನಾಗಿ ಬಂದಿದೆ. ಹಿಡ್ಕೊಂಡಿರೋರು ಯಾರು?"

"ನಾನೇ ಕಣೇ."

"ನಾನು ನೋಡಿದೀನಿ ಆಂಟಿ, ದೇವರಾಣೆಗೂ ಅವರೇ," ಅಂದೆ.

"ನೀನು ಸಾಕ್ಷಿ ಹೇಳಿದ್ಮೇಲೆ ಇದ್ದ ಅನುಮಾನಾನೂ ಹೋಯ್ತು. ಇದು ಇವರಲ್ಲ."

ಡಾಕ್ಟ್ರ ಮುಖ ನೋಡಲಾಗಲಿಲ್ಲ. ಆಂಟಿಗೂ ಆಗಲಿಲ್ಲ ಅಂತ ಕಾಣುತ್ತದೆ. ಫೋಟೋ ಇನ್ನೊಮ್ಮೆ ನೋಡಿ, ಫೋನು ಕೆಳಗಿಟ್ಟರು.

"ಆಯ್ತು. ಮುಂದಿನ ಶನಿವಾರ ನಾನೇ ಬಂದು ಕಣ್ಣಾರೆ ನೋಡ್ತೀನಿ. ನನಗೂ ಒಂದು ರಬ್ಬರ್ ಪ್ಯಾಂಟು ತರ್ಸಿ."

ಡಾಕ್ಟ್ರು ಅರಳಿದರು. ನಾನೂ ಖುಷಿಯಿಂದ ಕೇಳಿದೆ: "ಎಷ್ಟು ಗಂಟೆಗೆ ಹೊರಡೋಣ ಆಂಟಿ?"

"ನೀನು ಆರಕ್ಕೇ ಹೊರಡು," ಅಂದರು. "ದೇವಸ್ಥಾನಕ್ಕೆ. ಕುಂಬಳಕಾಯಿ ಹೆಚ್ಚೋಕೆ ಯಾರಾದ್ರೂ ಬೇಕಲ್ಲ."